ನಲವತ್ತು ಎಳೆ, ಒಂದು ಗಟಾರ

ಶರಣಬಸಪ್ಪನವರ ಹುದ್ದೆಯ ಹೆಸರು ಜೂನ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಬದಲಾಯಿತು. ಕೆಲಸ ಬದಲಾಗಲಿಲ್ಲ.

ಅವರ ಕಂಪನಿ ಇದ್ದದ್ದು ಪವಾಯಿಯ ಗಾಜಿನ ಕಟ್ಟಡವೊಂದರ ಐದನೆಯ ಮಹಡಿಯಲ್ಲಿ. ರಸ್ತೆಯ ಹಳ್ಳ, ಒಡೆದ ಪೈಪು, ತೆರೆದ ಗಟಾರ ಮುಂತಾದ ದೂರುಗಳನ್ನು ಜನರಿಂದ ಪಡೆದು, ಕಂಪ್ಯೂಟರಿನ ಮೂಲಕ ನಗರ ದುರಸ್ತಿ ಮಂಡಳಿಗೆ ದಾಟಿಸುವುದು ಕಂಪನಿಯ ಕೆಲಸ. ಫೋನ್ ಎತ್ತಿ “ನಿಮ್ಮ ದೂರು ದಾಖಲಾಗಿದೆ” ಎಂದು ಹಿಂದಿ, ಮರಾಠಿ, ಕನ್ನಡ ಮೂರೂ ಭಾಷೆಗಳಲ್ಲಿ ಹೇಳುವುದು ಶರಣಬಸಪ್ಪನವರ ಕೆಲಸ. ಹನ್ನೊಂದು ವರ್ಷಗಳಿಂದ ಅವರು ಅದನ್ನು ತಪ್ಪಿಲ್ಲದೆ ಹೇಳಿಕೊಂಡು ಬಂದಿದ್ದರು. ಆ ಸೋಮವಾರ ಕಂಪನಿಯನ್ನು ಬೇರೆ ಯಾರೋ ಕೊಂಡುಕೊಂಡರು. ಕೊಂಡವರು ಒಳಗೆ ಬಂದು ಮೊದಲು ಮಾಡಿದ ಕೆಲಸವೆಂದರೆ ಎಲ್ಲರಿಗೂ ಹೊಸ ಕಾರ್ಡು ಹಂಚಿದ್ದು. ಇವರ ಕಾರ್ಡಿನಲ್ಲಿ ‘ಅಸೋಸಿಯೇಟ್, ಅಪ್ಲಿಕೇಶನ್ ಸರ್ವರ್’ ಎಂದು ಉಬ್ಬಿದ ಅಕ್ಷರಗಳಿದ್ದವು. ಶರಣಬಸಪ್ಪನವರು ಕಣ್ಣು ಮುಚ್ಚಿ ಆ ಅಕ್ಷರಗಳ ಮೇಲೆ ಹೆಬ್ಬೆರಳಾಡಿಸಿದರು. ಮನುಷ್ಯ ಕೆಡುವುದು ಇಂಥ ಗಳಿಗೆಯಲ್ಲೇ.

ಅವರ ಮನೆ ಬೈಕುಲ್ಲಾದ, ಸಾಲುಕೋಣೆಗಳ ಒಂದು ಹಳೆಯ ಚಾಳಿನಲ್ಲಿ. ಚಾಳಿನ ಬಾಯಿಗೆ ಉಡುಪಿ ಕಡೆಯ ಚೆನ್ನಯನವರ ಹೋಟೆಲು. ಆ ಸಂಜೆ ಶರಣಬಸಪ್ಪನವರು ಚಹಾ ಕುಡಿಯುವ ನೆಪದಲ್ಲಿ ಕಾರ್ಡನ್ನು ಗಲ್ಲಾಪೆಟ್ಟಿಗೆಯ ಮೇಲೆ, ಓದುವವರಿಗೆ ನೆಟ್ಟಗೆ ಕಾಣುವಂತೆ ಇಟ್ಟರು.

ಚೆನ್ನಯನವರು ಕನ್ನಡಕ ಏರಿಸಿ ಓದಿದರು. “ಸರ್ವರ್ ಅಂದ್ರೆ ಸಪ್ಲೈಯರ್ ಅಲ್ವಾ ಮಾರಾಯ್ರೇ? ನಮ್ಮ ಹೋಟೆಲಲ್ಲೇ ಆರು ಜನ ಉಂಟು. ಅದಕ್ಕೆ ನೀವು ಪವಾಯಿವರೆಗೆ ಯಾಕೆ ಹೋದದ್ದು?”

“ಅದು ಬ್ಯಾರೆ ರೀ,” ಎಂದರು ಶರಣಬಸಪ್ಪನವರು, ಸ್ವಲ್ಪ ಬಿಸಿಯಾಗಿ. “ಇದು ದೊಡ್ಡ ಮಷೀನು. ಇಡೀ ಮುಂಬಯಿ ದೂರೆಲ್ಲ ಅದರಾಗ ಹಾದು ಹೋಗ್ತಾವ. ಅದನ್ನ ನಡಸಾಂವ ನಾನು.”

ಸುಳ್ಳು ಹೇಳಿದ ಜಾಗ ತಪ್ಪಾಯಿತು. ಹೋಟೆಲಿನ ಹಿಂದಿನ ಕಿಟಕಿ ಚಾಳಿನ ಅಂಗಳಕ್ಕೆ ತೆರೆಯುತ್ತದೆ. ಅಲ್ಲಿ ಸ್ಟೂಲಿನ ಮೇಲೆ ಅವರ ಅತ್ತೆ ದೇವಕ್ಕ ಕುಳಿತಿದ್ದರು. ದೇವಕ್ಕ ಹೆಂಡತಿಯ ತಾಯಿ ಮಾತ್ರವಲ್ಲ, ಶರಣಬಸಪ್ಪನವರಿಗೆ ಸೋದರತ್ತೆ ಕೂಡ. ಹೀಗಾಗಿ ಅಳಿಯನಿಗೆ ಸಲ್ಲಬೇಕಾದ ಬಹುವಚನವನ್ನು ಅವರು ಮದುವೆಯ ದಿನವೂ ಕೊಟ್ಟಿರಲಿಲ್ಲ.

“ಬಸ್ಯಾ,” ಎಂದರು ಕಿಟಕಿಯಾಚೆಯಿಂದ. “ಇಡೀ ಮುಂಬಯಿ ದೂರು ನಿನ್ನ ಕೈಯಾಗ ಹಾದು ಹೋಗ್ತಾವಂದ್ರ, ನಂದೂ ಹೋಗಿರಬೇಕಲ್ಲ? ಹದಿನಾಲ್ಕು ತಿಂಗಳಾತು. ಎಲ್ಲಿಗಿ ಹೋಗ್ಯಾದ?”

ದೇವಕ್ಕನ ದೂರು ಚಾಳಿನ ಓಣಿಗೆ ಅಡ್ಡಲಾಗಿ ಹರಿಯುವ ಗಟಾರದ ಬಗ್ಗೆ. ಅದರ ಮೇಲಿನ ಕಲ್ಲಿನ ಚಪ್ಪಡಿ ಹೋದ ವರ್ಷ ಮಳೆಗಾಲದ ಮೊದಲು ಒಡೆದು ಒಳಗೆ ಬಿದ್ದಿತ್ತು. ಗಂಡಸರು ಅದನ್ನು ಹಾರಿ ದಾಟುತ್ತಿದ್ದರು. ಹೆಂಗಸರು ಸೀರೆ ಎತ್ತಿ ಹಿಡಿದು ದಾಟುತ್ತಿದ್ದರು. ದೇವಕ್ಕ ದಾಟಲು ಹೋಗಿ ಬಲಗಾಲಿನ ಮೂಳೆ ಮುರಿದುಕೊಂಡರು. ಮೂಳೆ ಕೂಡಿತು; ಧೈರ್ಯ ಕೂಡಲಿಲ್ಲ. ಆಳಂದ ತಾಲ್ಲೂಕಿನಿಂದ ಬಂದು, ಅಂಧೇರಿಯ ಇಪ್ಪತ್ತು ಮಹಡಿಯ ಕಟ್ಟಡಗಳಿಗೆ ತಲೆಯ ಮೇಲೆ ಇಟ್ಟಿಗೆ ಹೊತ್ತ ಹೆಂಗಸು ಮೂರಡಿಯ ಗಟಾರ ದಾಟಲಾರದೆ ಹದಿನಾಲ್ಕು ತಿಂಗಳಿಂದ ಚಾಳಿನೊಳಗೇ ಇದ್ದರು. ಕೂಗಳತೆಯ ತರಕಾರಿ ಮಾರ್ಕೆಟ್ಟು ಅವರ ಪಾಲಿಗೆ ಪರದೇಶವಾಗಿತ್ತು.

“ಮಾಡಸ್ತೀನಿ ಅತ್ತಿ,” ಎಂದರು ಶರಣಬಸಪ್ಪನವರು. “ಈ ವಾರದಾಗ.”

ಗುರುವಾರ ಮಧ್ಯಾಹ್ನ ಮ್ಯಾನೇಜರ್ ಹಿತೇಶ್ ಅವರನ್ನು ಕರೆದ. ಹಿತೇಶನ ಹಿರಿಯರು ಮಂಗಳೂರಿನವರು. ಅವನು ಹುಟ್ಟಿ ಬೆಳೆದದ್ದು ಇಲ್ಲೇ. ಕನ್ನಡವನ್ನು ಬಿಸಿ ಪಾತ್ರೆ ಹಿಡಿದ ಹಾಗೆ ಹಿಡಿದು, ಎರಡು ಹೆಜ್ಜೆಗೊಮ್ಮೆ ಕೆಳಗಿಡುತ್ತಿದ್ದ.

“ಶರಣ್‌ಜೀ, ಪ್ರಣೀತಾ ಮದುವೆಗೆ ಊರಿಗೆ ಹೋಗಿದ್ದಾಳೆ ನಾ. ಸರ್ವರಿನ ಕೆಲಸ ಎಲ್ಲಾ ಅವಳೇ ನೋಡೋದು. ನಾಳೆಯಿಂದ ಹೊಸ ಟೈಮರ್ ಚಾಲೂ ಆಗಲೇಬೇಕು. ರೋಜ್ ಬೆಳಿಗ್ಗೆ ಒಂಬತ್ತು ಗಂಟೆಗೆ ಎಲ್ಲಾ ದೂರು ತಾನೇ ತಾನು ಮಂಡಳಿಗೆ ಹೋಗ್ಬೇಕು. ನಿಮ್ಮ ಕಾರ್ಡಲ್ಲಿ ಅಪ್ಲಿಕೇಶನ್ ಸರ್ವರ್ ಅಂತ ಉಂಟು. ನೀವು ಮಾಡ್ತೀರಿ, ಹೈ ನಾ?”

‘ಇಲ್ಲ’ ಎಂಬುದು ಎರಡೇ ಅಕ್ಷರದ ಮಾತು. ಅದನ್ನು ಅಂದು ಹೇಳಿದ್ದರೆ ಎಂಟು ವಾರ್ಡುಗಳ ಕೂಲಿಯವರು ಎರಡು ದಿನ ಅಲೆಯಬೇಕಾಗಿರಲಿಲ್ಲ. ಶರಣಬಸಪ್ಪನವರು “ಅದೇನ್ ದೊಡ್ಡದು ಸರ್” ಎಂದರು.

ಪರದೆಯ ಮೇಲೆ ನಾಲ್ಕು ಖಾನೆಗಳಿದ್ದವು. ಗಂಟೆ, ನಿಮಿಷ, ಥ್ರೆಡ್, ಕೊನೆಯದು ‘ಪರೀಕ್ಷೆಗಾಗಿ ದೂರಿನ ಸಂಖ್ಯೆ’. ಕೆಳಗೆ ಟಿಕ್ ಹಾಕುವ ಒಂದು ಪುಟ್ಟ ಚೌಕ.

ಗಂಟೆಯ ಖಾನೆಯಲ್ಲಿ ಅವರು ಒಂಬತ್ತು ಎಂದು ಹಾಕಿದರು. ಇಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ನಿಮಿಷದ ಖಾನೆಯಲ್ಲಿ ಸೊನ್ನೆ ಹಾಕಬೇಕಿತ್ತು. ಒಳ್ಳೆಯ ಕೆಲಸವನ್ನು ಸೊನ್ನೆಯಿಂದ ಶುರು ಮಾಡಲು ಅವರಿಗೆ ಮನಸ್ಸಾಗಲಿಲ್ಲ. ಪಕ್ಕದಲ್ಲಿ ‘ಸಂಖ್ಯೆ ಅಥವಾ ನಕ್ಷತ್ರ’ ಎಂಬ ಸೂಚನೆ ಕಂಡಿತು. ಸೊನ್ನೆಗಿಂತ ನಕ್ಷತ್ರ ಶುಭವೆಂದು ಯಾರಿಗೆ ಗೊತ್ತಿಲ್ಲ? ಒಂದು ನಕ್ಷತ್ರ ಒತ್ತಿದರು. ಆ ಮಷೀನಿನ ಭಾಷೆಯಲ್ಲಿ ನಕ್ಷತ್ರವೆಂದರೆ ‘ಪ್ರತಿಯೊಂದೂ’ ಎಂದರ್ಥ. ಒಂಬತ್ತು ಗಂಟೆಗೆ ಒಂದು ಸಲ ಆಗಬೇಕಾದ ಕೆಲಸ, ಒಂಬತ್ತರಿಂದ ಹತ್ತರವರೆಗೆ ಪ್ರತಿ ನಿಮಿಷವೂ ಆಗಲಿ ಎಂದು ಅವರು ಅಪ್ಪಣೆ ಕೊಟ್ಟಂತಾಯಿತು.

ಥ್ರೆಡ್ಡಿನ ಖಾನೆಯಲ್ಲಿ ಮೊದಲೇ ‘ಒಂದು’ ಎಂದಿತ್ತು. ಅದೇನೆಂದು ತಿಳಿಯದೆ ಪ್ರಣೀತಾಗೆ ಫೋನು ಹಚ್ಚಿದರು. ಮೂಲ್ಕಿಯ ಮನೆಯಲ್ಲಿ ಅಂದು ಅವಳ ಮದರಂಗಿ. ಎರಡೂ ಕೈಗೆ ಮೆಹಂದಿ ಮೆತ್ತಿಕೊಂಡಿದ್ದರಿಂದ ದೊಡ್ಡಮ್ಮ ಅವಳ ಕಿವಿಗೆ ಫೋನು ಹಿಡಿದಿದ್ದರು. ಅಂಗಳದಲ್ಲಿ ಬ್ಯಾಂಡು.

“ಮೇಡಂ, ಇಲ್ಲಿ ಥ್ರೆಡ್ ಅಂತ ಒಂದು ಖಾನೆ ಅದ. ಒಂದು ಅಂತ ಬರದಾದ. ಏನ್ ಮಾಡ್ಲಿ?”

“ಅಂಕಲ್, ಅದನ್ನು ಮಾತ್ರ ಜಾಸ್ತಿ ಮಾಡ್—”

ಕನ್ನಡದಲ್ಲಿ ಬೇಡವೆಂಬುದು ಮಾತಿನ ಬಾಲಕ್ಕೆ ಬರುತ್ತದೆ. ಪ್ರಣೀತಾಳ ‘ಬೇಡಿ’ ಬಾಯಿಂದ ಹೊರಟ ಗಳಿಗೆಗೂ ಬ್ಯಾಂಡಿನವನು ಡೋಲಿಗೆ ಕೋಲು ಹಾಕಿದ ಗಳಿಗೆಗೂ ಕೂದಲೆಳೆಯ ಅಂತರವಿರಲಿಲ್ಲ.

“ಜಾಸ್ತಿ ಮಾಡ್ತೀನಿ ಮೇಡಂ. ಎಷ್ಟು?”

“ಎಂತ ಕೇಳ್ತಾ ಇಲ್ಲ ಅಂಕಲ್! ಮೊದಲು ಒಂದೇ ಒಂದು ದೂರು ಹಾಕಿ ಟೆಸ್ಟ್ ಮಾಡಿ, ಆಯ್ತಾ?” ದೊಡ್ಡಮ್ಮನ ಕೈ ಸೋತು ಫೋನು ಕಡಿದುಹೋಯಿತು.

ಥ್ರೆಡ್ ಎಂದರೆ ನೂಲಿನ ಎಳೆ ಎಂದು ಅವರಿಗೆ ಗೊತ್ತಿತ್ತು. ಅವರ ತಂದೆ ಬೈಕುಲ್ಲಾದ ಗಿರಣಿಯೊಂದರಲ್ಲಿ ಇಪ್ಪತ್ತೆರಡು ವರ್ಷ ನೂಲು ಸುತ್ತಿದವರು. “ನೂಲಂದ್ರ ನಲವತ್ತರ ನೂಲು, ಉಳದದ್ದೆಲ್ಲ ಗೋಣಿಚೀಲಕ್ಕ” ಎನ್ನುತ್ತಿದ್ದರು. ತಂದೆಯ ಮಾತು ಮೀರಬಾರದೆಂದು ಮಗ ನಲವತ್ತು ಎಂದು ಹಾಕಿದರು. ಮಷೀನಿಗೆ ಅದು ಹೇಗೆ ಕೇಳಿಸಿತೆಂದರೆ, ಒಂದೇ ಕೆಲಸವನ್ನು ನಲವತ್ತು ಆಳುಗಳು ಒಟ್ಟಿಗೆ ಮಾಡಲಿ, ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಕೇಳದಿರಲಿ, ಎಂದು.

ಪರೀಕ್ಷೆಗೆ ಒಂದು ದೂರು ಬೇಕಿತ್ತು. ಅದಕ್ಕೆ ಯೋಚಿಸಬೇಕಾಗಲಿಲ್ಲ. ದೇವಕ್ಕನ ದೂರಿನ ಸಂಖ್ಯೆ ಹದಿನಾಲ್ಕು ತಿಂಗಳಿಂದ ಮನೆಯಲ್ಲಿ ಮಂತ್ರದ ಹಾಗೆ ಕೇಳಿ ಬಾಯಿಪಾಠವಾಗಿತ್ತು.

ಕೊನೆಯ ಪುಟ್ಟ ಚೌಕದ ಮುಂದೆ ‘ಸರ್ವರ್ ನಿಂತಿದ್ದಾಗ ತಪ್ಪಿದ ಕೆಲಸವನ್ನು, ಎದ್ದ ಮೇಲೆ ಪೂರೈಸು’ ಎಂದಿತ್ತು. ಇದು ಅವರಿಗೆ ಬಹಳ ಹಿಡಿಸಿತು. ತಪ್ಪಿದ ಕೆಲಸವನ್ನು ತಾನಾಗಿ ಪೂರೈಸುವವರನ್ನು ಅವರು ಆ ಆಫೀಸಿನಲ್ಲಿ ಕಂಡೇ ಇರಲಿಲ್ಲ. ಮೆಚ್ಚುಗೆಯಿಂದ ಟಿಕ್ ಹಾಕಿ, ಊಟದ ಡಬ್ಬಿ ಎತ್ತಿಕೊಂಡು ಮನೆಗೆ ಹೋದರು.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಸರ್ವರ್ ತನ್ನ ಕೆಲಸ ಶುರು ಮಾಡಿತು. ಮೊದಲ ನಿಮಿಷ ನಲವತ್ತು ಆಳುಗಳು ದೇವಕ್ಕನ ದೂರು ಓದಿ, ಮಂಡಳಿಗೆ ನಲವತ್ತು ದುರಸ್ತಿ ಆದೇಶ ಕಳಿಸಿದರು. ಎರಡನೆಯ ನಿಮಿಷ ಮತ್ತೆ ನಲವತ್ತು. ಪರೀಕ್ಷೆಯ ಖಾನೆಯಲ್ಲಿ ಆ ಒಂದೇ ಸಂಖ್ಯೆ ಉಳಿದಿದ್ದರಿಂದ ಮುಂಬಯಿಯ ಉಳಿದ ಯಾವ ದೂರೂ ಅಂದು ಹೋಗಲೇ ಇಲ್ಲ. ಆದರೆ ಅದನ್ನು ಯಾರೂ ಗಮನಿಸಲಿಲ್ಲ. ಹೋದ ದಿನ ಏನಾದರೂ ಆಗುತ್ತಿದ್ದರಲ್ಲವೇ ಹೋಗದ ದಿನ ತಿಳಿಯುವುದು?

ಒಂಬತ್ತೂ ಇಪ್ಪತ್ತೈದಕ್ಕೆ ಹಿತೇಶನ ಕಣ್ಣು ಪರದೆಯ ಮೇಲೆ ಬಿತ್ತು. ಅಷ್ಟು ಹೊತ್ತಿಗೆ ಸಾವಿರ ಆದೇಶ ಹೋಗಿದ್ದವು.

“ಶರಣ್‌ಜೀ! ಯೇ ಕ್ಯಾ ಕಿಯಾ ಆಪ್‌ನೇ?”

“ಸರ್, ಶುರು ಜೋರದಾಗ ಅದ,” ಎಂದರು ಶರಣಬಸಪ್ಪನವರು, ಆಗಷ್ಟೇ ಬಂದು ಕುರ್ಚಿ ಎಳೆಯುತ್ತ.

ಹಿತೇಶ್ ಓಡಿಹೋಗಿ ಇಡೀ ಸರ್ವರನ್ನೇ ನಿಲ್ಲಿಸಿದ. ಎಲ್ಲವೂ ಶಾಂತವಾಯಿತು. ಹನ್ನೊಂದಕ್ಕೆ, ಹೋದದ್ದು ಹೋಯಿತು ಎಂದು ಸಮಾಧಾನ ಮಾಡಿಕೊಂಡು ಮತ್ತೆ ಅದನ್ನು ಎಬ್ಬಿಸಿದ. ಎದ್ದ ಸರ್ವರ್ ಗಡಿಯಾರ ನೋಡಿಕೊಂಡಿತು, ಮೂವತ್ತೈದು ನಿಮಿಷದ ಕೆಲಸ ತಪ್ಪಿದೆ ಎಂದು ಕಂಡುಕೊಂಡಿತು, ಮತ್ತು ಶರಣಬಸಪ್ಪನವರು ಟಿಕ್ ಹಾಕಿ ಕಲಿಸಿದ್ದ ಸದ್ಗುಣದಂತೆ ಉಳಿದ ಸಾವಿರದ ನಾನೂರು ಆದೇಶಗಳನ್ನು ಒಂದೇ ಉಸಿರಿಗೆ ಕಳಿಸಿಬಿಟ್ಟಿತು.

ಹಿತೇಶ್ ಪ್ರಣೀತಾ ಬರುವವರೆಗೆಂದು ಟೈಮರನ್ನೇ ಬಂದ್ ಮಾಡಿ ತಲೆ ಹಿಡಿದುಕೊಂಡು ಕುಳಿತಿರುವಾಗ ಶರಣಬಸಪ್ಪನವರ ಫೋನು ಬಡಿದುಕೊಂಡಿತು. ಹೆಂಡತಿ ರಂಜನಾ.

“ಏನ್ರೀ, ಲಗೂ ಬರ್ರಿ! ಓಣ್ಯಾಗ ಜಾತ್ರಿ ಆಗ್ಯಾದ! ಚಪ್ಪಡಿ ಹಾಕ್ಯಾರ!”

“ಹಾಕ್ಯಾರ? ಛಲೋ ಆತಲ್ಲ!”

“ಏನ್ ಛಲೋ! ಹಾಕ್ಯಾರ, ತಗದಾರ, ಹಾಕ್ಯಾರ, ತಗದಾರ! ಏಳು ಸಲ ಆತು!”

ಶರಣಬಸಪ್ಪನವರು ಕಾಂಜೂರ್‌ಮಾರ್ಗದಲ್ಲಿ ಲೋಕಲ್ ಹಿಡಿದು ಬೈಕುಲ್ಲಾಕ್ಕೆ ಬಂದಾಗ ಮಧ್ಯಾಹ್ನ ಹನ್ನೆರಡೂವರೆ. ಸ್ಟೇಷನ್ನಿನಿಂದಲೇ ಗುದ್ದಲಿ, ಹಾರೆ ಹಿಡಿದವರ ಸಾಲು ಕಂಡಿತು. ಮಂಡಳಿಯವರು ಆ ಓಣಿಯ ವಾರ್ಡಿನ ಗುಂಪುಗಳೆಲ್ಲ ಮುಗಿದ ಮೇಲೆ, ಉಳಿದ ಆದೇಶಗಳನ್ನು ಅಕ್ಕಪಕ್ಕದ ಏಳು ವಾರ್ಡುಗಳಿಗೆ ಹಂಚಿಬಿಟ್ಟಿದ್ದರು. ಎಲ್ಲರ ಫೋನಿನಲ್ಲೂ ಅದೇ ಓಣಿ, ಅದೇ ಗಟಾರ. ಚೆನ್ನಯನವರ ಹೋಟೆಲಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಆರೂ ಸಪ್ಲೈಯರುಗಳು ಬೀದಿಗೇ ಚಹಾ ಹೊತ್ತು ತರುತ್ತಿದ್ದರು.

ಸಬ್ ಇಂಜಿನಿಯರ್ ಘೋಲಪ್ ಸಾಹೇಬರು ಛತ್ರಿ ಹಿಡಿದು ನಡುವೆ ನಿಂತಿದ್ದರು. ಸೋಲಾಪುರದವರಾದ್ದರಿಂದ ಕನ್ನಡ ಬರುತ್ತಿತ್ತು. ಸಿಟ್ಟು ಬಂದಾಗ ಇನ್ನೂ ಚೆನ್ನಾಗಿ ಬರುತ್ತಿತ್ತು.

“ಸಾಹೇಬ್ರ, ಒಮ್ಮೆ ಹಾಕಿದ ಚಪ್ಪಡಿ ಯಾಕ ತಗೀತೀರಿ?” ಎಂದು ಶರಣಬಸಪ್ಪನವರು ಕೇಳಿದರು.

“ನಾ ಏನ್ ಹುಚ್ಚ ಇದ್ದೀನೇನ್ರೀ? ಕಾಯದಾ ಅದ. ಒಂದು ಆರ್ಡರ್ ಬಂತಂದ್ರ ಎರಡು ಫೋಟೋ ಹಾಕಬೇಕು. ಕೆಲಸದ ಮೊದಲು, ಕೆಲಸದ ನಂತರ. ಜಾಗಾದಾಗ ನಿಂತೇ ತಗೀಬೇಕು, ಇಲ್ಲಂದ್ರ ಮೊಬೈಲ್ ಒಪ್ಪಂಗಿಲ್ಲ. ಮೊದಲಿನ ಫೋಟೋದಾಗ ಗಟಾರ ತೆರದಿರಬೇಕು. ನಮ್ಮವರು ಹತ್ತಕ್ಕ ಬಂದು ಮುಚ್ಚಿದ್ರು. ಈಗ ಎರಡನೇದವರು ತೆರದಿದ್ದು ಎಲ್ಲಿಂದ ತರಬೇಕು? ಅದಕ್ಕ ತೆಗಿಯೋದು, ಫೋಟೋ, ಮುಚ್ಚೋದು, ಫೋಟೋ. ಮುಂದಿನವರು ಬರ್ರಿ.”

“ಒಟ್ಟು ಎಷ್ಟು ಆರ್ಡರ್ ಅದಾವ್ರಿ?”

“ಎರಡು ಸಾವಿರದ ನಾನೂರು. ಯಾವನೋ ಕಂಪ್ಯೂಟರ್‌ನಾಂವ ಗಾಂಜಾ ಸೇದಿ ಕುಂತಿರಬೇಕು.”

ಶರಣಬಸಪ್ಪನವರು “ಇರಬೇಕ್ರಿ” ಎಂದು ಒಪ್ಪಿಕೊಂಡರು.

ಹನ್ನೊಂದನೆಯ ಗುಂಪಿನವರು ಚಪ್ಪಡಿ ಎತ್ತುವಾಗ ಅದರ ಒಂದು ಮೂಲೆ ಚಟ್ಟನೆ ಸೀಳಿತು. ಆ ಸದ್ದು ಚಾಳಿನ ಒಳಗೆ ಕೇಳಿತು. ದೇವಕ್ಕ ಸ್ಟೂಲು ಎತ್ತಿಕೊಂಡು ಹೊರಗೆ ಬಂದರು. ಕೂಲಿಯವರು ಚಪ್ಪಡಿ ಇಳಿಸಿ ಮುಗಿಸುವವರೆಗೆ ಕಾದರು. ಆಮೇಲೆ ಸ್ಟೂಲನ್ನು ಚಪ್ಪಡಿಯ ನಟ್ಟನಡುವೆ ಇಟ್ಟು, ಸೆರಗು ಸರಿಮಾಡಿಕೊಂಡು ಕುಳಿತರು.

“ಈಗ ಎತ್ತರಿ ನೋಡೋಣು.”

ಹನ್ನೆರಡನೆಯ ಗುಂಪಿನ ಮುಖಂಡ ಕೈಮುಗಿದ. “ಮಾವಶಿ, ಎರಡು ಮಿನಿಟ್. ಫೋಟೋ ತೆಗೆದು ವಾಪಸ್ ಮುಚ್ತೀವಿ.”

“ಹದಿನಾಲ್ಕು ತಿಂಗಳು ಒಬ್ಬಾಂವರೇ ಬರ್ಲಿಲ್ಲ. ಇವತ್ತ ಎಲ್ಲಾರಿಗೂ ಇದ ಗಟಾರ ಬೇಕಾಗ್ಯಾದ?”

“ಹೇಳ್ರೀ ನಿಮ್ಮ ಮಂದಿಗಿ,” ಎಂದು ಘೋಲಪ್ ಸಾಹೇಬರು ಶರಣಬಸಪ್ಪನವರ ಕಡೆ ತಿರುಗಿದರು. “ಸರ್ಕಾರಿ ಕೆಲಸಕ್ಕ ಅಡ್ಡ ಕುಂದ್ರೋದು ಗುನ್ಹೆ ಆಗ್ತದ.”

“ಅತ್ತಿ, ಏಳು,” ಎಂದರು ಅಳಿಯ.

“ನೀ ಸುಮ್ಮಿರು. ನೀ ಎಷ್ಟು ದೂರು ಕಳಿಸಿದಿ?”

ಶರಣಬಸಪ್ಪನವರು ಸತ್ಯವಂತರಲ್ಲದಿದ್ದರೂ ಅತ್ತೆಯ ಮುಂದೆ ಸುಳ್ಳು ಹೇಳುವಷ್ಟು ಧೈರ್ಯವಂತರಲ್ಲ. “ಒಂದ. ಆದ್ರ ಎರಡು ಸಾವಿರದ ನಾನೂರು ಸಲ.”

ಘೋಲಪ್ ಸಾಹೇಬರ ಛತ್ರಿ ನಿಧಾನವಾಗಿ ಕೆಳಗಿಳಿಯಿತು. ಅವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಪಕ್ಕದ ಚಾಳಿನ ಕಾಶಿನಾಥ ಗುಂಪಿನೊಳಗಿಂದ ನುಗ್ಗಿ ಬಂದು ಶರಣಬಸಪ್ಪನವರ ಕೊರಳಿಗೆ ಚೆಂಡುಹೂವಿನ ಹಾರ ಹಾಕಿಬಿಟ್ಟ.

“ಅಣ್ಣಾ, ನಮ್ಮ ನಳದ್ದೂ ಒಂದು ದೂರು ಅದ! ನಮ್ಮದೂ ಎರಡು ಸಾವಿರದ ನಾನೂರು ಸಲ ಕಳಸು!”

ಹಿಂದೆಯೇ ಇನ್ನೂ ಹತ್ತು ಜನ ಚೀಟಿಗಳಲ್ಲಿ ದೂರಿನ ಸಂಖ್ಯೆ ಬರೆದುಕೊಂಡು ಬಂದಿದ್ದರು. ಒಬ್ಬಳು ಗಂಡನ ಮೇಲಿನ ದೂರನ್ನೂ ಕೊಟ್ಟಳು. ಹಾರ ಹಾಕಿಸಿಕೊಂಡವನನ್ನು ಎಲ್ಲರೆದುರು ಬಯ್ಯುವ ರೂಢಿ ಮಂಡಳಿಯಲ್ಲಿ ಇರಲಿಲ್ಲವಾದ್ದರಿಂದ ಘೋಲಪ್ ಸಾಹೇಬರು ಬಾಯಿ ಮುಚ್ಚಿಕೊಂಡರು.

ದೇವಕ್ಕ ಏಳಲಿಲ್ಲ. ಮೂರು ಗಂಟೆಯಾಯಿತು. ಓಣಿಯಲ್ಲಿ ಮೂವತ್ತು ಗುಂಪು ಕಾಯುತ್ತಿದ್ದವು. ಇಂಥ ಹೊತ್ತಿನಲ್ಲಿ ದಾರಿ ತೋರಿದವರು ಚೆನ್ನಯನವರು. ಅವರ ಹೋಟೆಲಿನ ಮುಂದೆ ಮಸಾಲೆದೋಸೆಯ ದೊಡ್ಡ ಫ್ಲೆಕ್ಸ್ ಇತ್ತು. ದೂರದಿಂದ ನೋಡಿದವರು ದೋಸೆಯೇ ಎಂದು ನಂಬುವಂತಿತ್ತು.

“ಒಂದು ಮಾತು ಹೇಳ್ತೇನೆ, ಸಿಟ್ಟು ಮಾಡ್ಬೇಡಿ ಸಾಹೇಬ್ರೇ,” ಎಂದರು. “ಬೆಳಿಗ್ಗೆ ತೆರೆದ ಗಟಾರದ ಫೋಟೋ ನಿಮ್ಮ ಹತ್ರ ಉಂಟಲ್ಲ? ಅದನ್ನೇ ಅಷ್ಟೇ ದೊಡ್ಡದು ಮಾಡಿ ಫ್ಲೆಕ್ಸ್ ಹಾಕಿಸುವ. ನನ್ನ ದೋಸೆ ಮಾಡಿದವನು ಅಲ್ಲೇ ಹಿಂದಿನ ಗಲ್ಲಿಯಲ್ಲಿದ್ದಾನೆ. ಚಪ್ಪಡಿ ಮೇಲೆ ಫ್ಲೆಕ್ಸ್ ಹಾಸಿ, ಫೋಟೋ ತೆಗೀರಿ. ಅದು ಮೊದಲು. ಸುತ್ತಿ ಎತ್ತಿ, ಫೋಟೋ ತೆಗೀರಿ. ಅದು ನಂತರ. ಜಾಗ ಅದೇ, ಗಟಾರ ಅದೇ. ಯಾರ ಕೈಯೂ ಕೆಸರಾಗುವುದಿಲ್ಲ.”

ಘೋಲಪ್ ಸಾಹೇಬರು ಮೊಬೈಲಿನಲ್ಲಿ ನಿಯಮ ತೆಗೆದು ಓದಿದರು. ನಿಯಮದಲ್ಲಿ ಗಟಾರ ಕಾಣಬೇಕು ಎಂದಿತ್ತೇ ಹೊರತು, ಗಟಾರ ಇರಬೇಕು ಎಂದಿರಲಿಲ್ಲ.

ಐದು ಗಂಟೆಗೆ ಫ್ಲೆಕ್ಸ್ ಬಂತು. ಹಾಸಿದಾಗ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಕಪ್ಪು ನೀರು, ತೇಲುವ ತೆಂಗಿನ ಚಿಪ್ಪು, ಒಡೆದ ಅಂಚು. ವಾಸನೆಯೊಂದು ಬಿಟ್ಟು ಎಲ್ಲವೂ ಇತ್ತು. ಸ್ಕೂಟರಿನವನೊಬ್ಬ ಕಂಡವನೇ ಬ್ರೇಕ್ ಹಾಕಿ ಮಂಡಳಿಯ ಮೇಲೆ ಬಯ್ಗುಳ ಸುರಿಸಿ ವಾಪಸಾದ. ಇನ್ನೊಬ್ಬ ಅಲ್ಲೇ ನಿಂತು ಪವಾಯಿಗೆ ಫೋನು ಹಚ್ಚಿ ಹೊಸ ದೂರು ಕೊಟ್ಟ, ದೂರು ದಾಖಲಾಯಿತು.

ಗುಂಪುಗಳು ಸಾಲಾಗಿ ಬಂದವು. ಹಾಸು, ಫೋಟೋ, ಸುತ್ತು, ಫೋಟೋ. ಒಬ್ಬೊಬ್ಬ ಮುಖಂಡ ಅಲ್ಲಿಯೇ ನಿಂತು ಐವತ್ತು, ಅರವತ್ತು ಆದೇಶ ಮುಗಿಸಿದ. ಶನಿವಾರ ಸಂಜೆಗೆ ಎರಡು ಸಾವಿರದ ನಾನೂರೂ ಮುಗಿದವು. ಕೊನೆಯ ಗುಂಪು ಹೋದ ಮೇಲೆ ಗಾರೆಯವನೊಬ್ಬ ಸೀಳಿದ ಮೂಲೆಗೆ ಸಿಮೆಂಟು ತುಂಬಿದ.

ಭಾನುವಾರ ಬೆಳಿಗ್ಗೆ ಸಿಮೆಂಟು ಒಣಗಿತ್ತು. ದೇವಕ್ಕ ಓಣಿಯಲ್ಲಿ ನಿಂತು ಆ ಚಪ್ಪಡಿಯನ್ನು ಬಹಳ ಹೊತ್ತು ನೋಡಿದರು. ಅದರ ಮೇಲೆ ಒಂದು ಇಡೀ ಮಧ್ಯಾಹ್ನ ಕುಳಿತವರು ಅವರೇ. ಆದರೂ ಕುಳಿತುಕೊಳ್ಳುವುದು ಬೇರೆ, ಕಾಲಿಟ್ಟು ದಾಟುವುದು ಬೇರೆ. ರಂಜನಾ ಕೈ ಚಾಚಿದಳು. “ಬ್ಯಾಡ” ಎಂದರು. ಬಲಗಾಲು ಇಟ್ಟರು, ಒತ್ತಿ ನೋಡಿದರು, ಎಡಗಾಲು ಎತ್ತಿದರು. ಆಚೆ ದಡ ಸೇರಿದ ಮೇಲೆ ತಿರುಗಿ ನೋಡಲಿಲ್ಲ. ನೇರ ಮಾರ್ಕೆಟ್ಟಿಗೆ ಹೋದರು. ಎರಡು ತಾಸಾದರೂ ಬರದಿದ್ದಾಗ ಶರಣಬಸಪ್ಪನವರು ಹುಡುಕಿಕೊಂಡು ಹೋದರು. ದೇವಕ್ಕ ಮೆಂತ್ಯದ ರಾಶಿಯ ಮುಂದೆ ಕುಳಿತು, ಹದಿನಾಲ್ಕು ತಿಂಗಳಲ್ಲಿ ಯಾರ ಮನೆಯಲ್ಲಿ ಏನೇನಾಯಿತು ಎಂದು ಮಾರುವವಳಿಂದ ಕೇಳಿ ತಿಳಿಯುತ್ತಿದ್ದರು. ಅಳಿಯನನ್ನು ಕಂಡು, “ಬಸ್ಯಾ, ಚೀಲ ಹಿಡಿ” ಎಂದರು. ಶರಣಬಸಪ್ಪನವರು ಚೀಲ ಹಿಡಿದರು.

ಆದರೆ ಮಂಡಳಿ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಎರಡು ದಿನಗಳಲ್ಲಿ ಎರಡು ಸಾವಿರದ ನಾನೂರು ದೂರುಗಳ ಪರಿಹಾರ! ಮುಖ್ಯ ಇಂಜಿನಿಯರರ ಕೋಣೆಯ ಗೋಡೆಯ ಮೇಲಿನ ಪರದೆಯಲ್ಲಿ ಆ ಗೆರೆ ಎಷ್ಟು ಮೇಲೆ ಹೋಯಿತೆಂದರೆ, ಉಳಿದ ವರ್ಷದ ಕೆಲಸವೆಲ್ಲ ನೆಲಕ್ಕೆ ಅಂಟಿಕೊಂಡಂತೆ ಕಂಡಿತು. ಬುಧವಾರ ಸನ್ಮಾನವೆಂದು ಪವಾಯಿಗೆ ಪತ್ರ ಬಂತು. ಶರಣಬಸಪ್ಪನವರನ್ನು ತೆಗೆದುಹಾಕುವ ಪತ್ರವನ್ನು ಟೈಪು ಮಾಡುತ್ತಿದ್ದ ಹಿತೇಶ್ ಅದನ್ನು ಅಳಿಸಿ, “ಕೋಟು ಉಂಟು ಕ್ಯಾ?” ಎಂದು ಅವರನ್ನೇ ಕೇಳಿದ.

ಮಂಗಳವಾರ ಸಂಜೆ ಘೋಲಪ್ ಸಾಹೇಬರು ಚೆನ್ನಯನವರ ಹೋಟೆಲಿಗೆ ಒಬ್ಬರೇ ಬಂದರು. ಶರಣಬಸಪ್ಪನವರ ಎದುರು ಕುಳಿತು, ದನಿ ತಗ್ಗಿಸಿ ಚೆನ್ನಯನವರನ್ನು ಕೇಳಿದರು: “ಆ ಫ್ಲೆಕ್ಸ್‌ನಾಂವನ ನಂಬರ್ ಕೊಡ್ರಿ.”

“ಎಂತಕ್ಕೆ ಸಾಹೇಬ್ರೇ? ಆ ಕೆಲಸ ಮುಗೀತಲ್ಲ?”

“ಹಂಗಲ್ರಿ. ವಾರ್ಡಿನಾಗ ತೆರದ ಗಟಾರ ಇನ್ನ ನೂರಾ ಹತ್ತು ಅದಾವ. ಎಲ್ಲಾದಕ್ಕೂ ಚಪ್ಪಡಿ ಎಲ್ಲಿಂದ ತರಲಿ?” ಅವರು ಚಹಾ ಗುಟುಕರಿಸಿದರು. “ಅಂವ ಮುಚ್ಚಿದ ಗಟಾರದ ಫ್ಲೆಕ್ಸ್ ಮಾಡ್ತಾನೇನು ಅಂತ.”

ಚೆನ್ನಯನವರ ಕೈಯಲ್ಲಿದ್ದ ಸೌಟು ಅಲ್ಲಿಗೇ ನಿಂತಿತು. ತೆರೆದ ಗಟಾರದ ಮೇಲೆ ಮುಚ್ಚಿದ ಗಟಾರದ ಚಿತ್ರ. ಫೋಟೋಗೆ ಚೆಂದ. ಕಾಲಿಟ್ಟವರಿಗೆ? ಶರಣಬಸಪ್ಪನವರ ಕಣ್ಣ ಮುಂದೆ ಅತ್ತೆಯ ಊದಿದ ಕಾಲು ಬಂತು. ಆದರೆ ಮಾತಾಡಿದವರು ಕಿಟಕಿಯಾಚೆ ಕಡಲೆಕಾಯಿ ಸುಲಿಯುತ್ತಿದ್ದ ದೇವಕ್ಕ.

“ಮಾಡ್ಸಪ್ಪ ಸಾಹೇಬ. ಬ್ಯಾಡಂದವರು ಯಾರು? ಆದ್ರ ಫೋಟೋ ತಗ್ಯಾಗ ಅದರ ಮ್ಯಾಲ ನೀನ ನಿಂತಿರಬೇಕು ನೋಡು.”

ಘೋಲಪ್ ಸಾಹೇಬರು ಚಹಾ ಅರ್ಧಕ್ಕೆ ಬಿಟ್ಟು ಎದ್ದುಹೋದರು.

ಬುಧವಾರ ಮಂಡಳಿಯ ಸಭಾಗೃಹದಲ್ಲಿ ಶರಣಬಸಪ್ಪನವರಿಗೆ ಶಾಲು ಹೊದಿಸಿದರು. ಈ ಪವಾಡದ ಗುಟ್ಟೇನು ಎಂದು ಮುಖ್ಯ ಇಂಜಿನಿಯರರು ಕೇಳಿದರು. ಶರಣಬಸಪ್ಪನವರು ಎದ್ದು ನಿಂತರು. ಹಿಂದಿನ ರಾತ್ರಿ ನಿದ್ದೆ ಬಂದಿರಲಿಲ್ಲ. ಇನ್ನು ಸಾಕು ಎನ್ನಿಸಿತ್ತು.

“ಸರ್, ನನಗೇನೂ ಬರಂಗಿಲ್ಲ,” ಎಂದು ತಮಗೆ ಬರುವ ಹಿಂದಿಯಲ್ಲಿ ಹೇಳಿದರು. “ಸೊನ್ನೆ ಇರಬೇಕಾದಲ್ಲಿ ನಕ್ಷತ್ರ ಇಟ್ಟೆ. ಒಂದು ಇರಬೇಕಾದಲ್ಲಿ ನಲವತ್ತು ಇಟ್ಟೆ. ಎಲ್ಲಾ ತಪ್ಪು. ಗಟಾರ ಒಂದೇ ಇತ್ತು.”

ಹಿತೇಶ್ ಮೇಜಿನ ಕೆಳಗೆ ಅವರ ಕಾಲು ತುಳಿದ. ಸಭೆ ಚಪ್ಪಾಳೆ ತಟ್ಟಿತು. “ದೊಡ್ಡ ತಜ್ಞರೆಲ್ಲ ಹೀಗೇ, ಎಷ್ಟು ವಿನಯ!” ಎಂದರು ಮುಖ್ಯ ಇಂಜಿನಿಯರರು. ನಡಾವಳಿ ಬರೆಯುತ್ತಿದ್ದ ಗುಮಾಸ್ತರು ‘ನಕ್ಷತ್ರ ಪದ್ಧತಿಯನ್ನು ವಿವರಿಸಲಾಯಿತು’ ಎಂದು ಬರೆದುಕೊಂಡರು.

“ಮುಂದಿನ ಸುಧಾರಣೆ ಏನು ಮಾಡೋಣ, ಹೇಳಿ,” ಎಂದರು ಮುಖ್ಯ ಇಂಜಿನಿಯರರು.

ಸತ್ಯ ಹೇಳಿದರೆ ಯಾರೂ ಕೇಳುವುದಿಲ್ಲ ಎಂದು ಶರಣಬಸಪ್ಪನವರಿಗೆ ಆಗ ಖಚಿತವಾಯಿತು. ಹಾಗಾದರೆ ಬೇರೇನಾದರೂ ಹೇಳಿ ನೋಡಬಹುದು.

“ಸರ್, ಕೆಲಸದ ನಂತರದ ಫೋಟೋದಲ್ಲಿ ಬರೀ ಕಲ್ಲು ಕಾಣುತ್ತದೆ. ದುಡಿದ ಸಾಹೇಬರು ಕಾಣುವುದೇ ಇಲ್ಲ. ಇನ್ನು ಮುಂದೆ ಆಯಾ ಇಂಜಿನಿಯರ್ ಸಾಹೇಬರು ಚಪ್ಪಡಿಯ ಮೇಲೆ ನಿಂತ ಫೋಟೋ ಇದ್ದರೆ ಮಾತ್ರ ದೂರು ಮುಗಿಯಬೇಕು.”

ಸಭೆಯಲ್ಲಿ ಕುಳಿತಿದ್ದ ಮೂವತ್ತು ಇಂಜಿನಿಯರರು ಬೆನ್ನು ನೆಟ್ಟಗೆ ಮಾಡಿಕೊಂಡರು. ನಾಲ್ವರು ತಲೆಗೂದಲು ಸರಿಪಡಿಸಿಕೊಂಡರು. ತಮ್ಮ ಚಿತ್ರ ಮಂಡಳಿಯ ಪರದೆಯ ಮೇಲೆ ದಿನಾ ಬರುವುದೆಂದರೆ! ಸಲಹೆ ಅವಿರೋಧವಾಗಿ ಪಾಸಾಯಿತು. ಹಿಂದಿನ ಸಾಲಿನಲ್ಲಿ ಘೋಲಪ್ ಸಾಹೇಬರೊಬ್ಬರೇ ಕೈ ಎತ್ತಲಿಲ್ಲ. ಅವರ ಮುಖ ಬಿಳಿಚಿಕೊಂಡಿತ್ತು.

ಮದುವೆ ಮುಗಿಸಿ ಬಂದ ಪ್ರಣೀತಾ ನಕ್ಷತ್ರ ಅಳಿಸಿ ಸೊನ್ನೆ ಹಾಕಿದಳು, ನಲವತ್ತು ಅಳಿಸಿ ಒಂದು ಹಾಕಿದಳು. ಅದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ. ಶರಣಬಸಪ್ಪನವರಿಗೆ ಅದನ್ನು ತಿಳಿಸಿ ಹೇಳಲು ಒಂದು ವಾರ ಹಿಡಿಯಿತು. ಎಂಟನೆಯ ದಿನ, ಹೊಸ ನಿಯಮದ ಟೈಮರನ್ನು ಅವರ ಕೈಯಿಂದಲೇ ಹಾಕಿಸಿದಳು. ಒಂದೊಂದು ಖಾನೆಗೂ ಅವರು “ಇದು ಜಾಸ್ತಿ ಮಾಡಬೇಕೋ, ಮಾಡಬ್ಯಾಡೋ? ಪೂರ್ತಿ ಹೇಳ್ರಿ ಮೇಡಂ” ಎಂದು ಕೇಳಿ ಕೇಳಿ ಹಾಕಿದರು.

ಮೊದಲ ವಾರದ ಫೋಟೋಗಳನ್ನು ಮೊಬೈಲಿನಲ್ಲಿ ಮನೆಯವರಿಗೆಲ್ಲ ತೋರಿಸಿದರು. ಇಸ್ತ್ರಿ ಅಂಗಿ ತೊಟ್ಟ ಸಾಹೇಬರುಗಳು, ಒಬ್ಬೊಬ್ಬರೂ ಒಂದೊಂದು ಚಪ್ಪಡಿಯ ಮೇಲೆ. ದೇವಕ್ಕ ಕಣ್ಣು ಕಿರಿದು ಮಾಡಿ ಬೆರಳಿಂದ ದೊಡ್ಡದು ಮಾಡಿ ನೋಡಿದರು.

“ಇಂವ ಒಂದ ಕಾಲು ಇಟ್ಟಾನ. ಇಂವನೂ ಒಂದ. ಇನ್ನೊಂದು ಕಾಲು ಯಾಕ ರಸ್ತಾದ ಮ್ಯಾಲ ಅದ?”

ಶರಣಬಸಪ್ಪನವರ ಸಲಹೆಯಂತೆ ಸೋಮವಾರ ನಿಯಮಕ್ಕೆ ತಿದ್ದುಪಡಿಯಾಯಿತು: ಎರಡೂ ಕಾಲು. ಆ ವಾರದಿಂದ ಎಂಟು ವಾರ್ಡುಗಳಲ್ಲಿಯೂ ಚಪ್ಪಡಿಯ ದಪ್ಪ ಎರಡು ಅಂಗುಲ ಹೆಚ್ಚಾಯಿತು.